ಅಡಿಕೆ ಸುಲಿಗೆಗೆ ಕೂತ ಮಗು: 1098ಕ್ಕೆ ಕರೆಯೋ, ಪೆನ್ಸಿಲ್ ಪೋರ್ಟಲ್‌ಗೆ ದೂರೋ?

ತೀರ್ಥಹಳ್ಳಿ, ಸಾಗರದ ಕಡೆ ಕೊಯ್ಲು ಶುರುವಾದರೆ ಅಡಿಕೆ ಸುಲಿಗೆ ರಾತ್ರಿವರೆಗೂ ನಡೆಯುತ್ತದೆ. ಆ ಸಾಲಿನಲ್ಲಿ ಹನ್ನೆರಡರ ಹುಡುಗಿಯೊಬ್ಬಳು ಕೂತಿದ್ದಾಳೆ ಅಂದುಕೊಳ್ಳಿ. ಬೆರಳ ತುಂಬಾ ಚೊಗರಿನ ಕಪ್ಪು ಕಲೆ, ಮುಂದೆ ಹರಿತವಾದ ಕತ್ತಿ. ಯಾರಿಗೆ ತಿಳಿಸೋದು?

ಮಗು ಈಗಲೇ ಅಪಾಯದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕರೆ ಉಚಿತ. ಮಗುವಿನ ವಿಚಾರ ಮಕ್ಕಳ ಕಲ್ಯಾಣ ಸಮಿತಿವರೆಗೆ ಹೋಗುತ್ತದೆ. ತೋಟದಲ್ಲಿ ಸಿಗ್ನಲ್ ಇಲ್ಲದಿದ್ದರೆ ರಸ್ತೆಗೆ ಬಂದಾದರೂ ಕರೆ ಮಾಡಿ.

ಪೆನ್ಸಿಲ್ ಪೋರ್ಟಲ್ ಅಂದರೆ ಬಾಲಕಾರ್ಮಿಕರ ಬಗ್ಗೆ ದೂರು ಕೊಡೋಕೆ ಕೇಂದ್ರ ಸರ್ಕಾರದ ಜಾಲತಾಣ. ಅದು ತುರ್ತಿಗೆ ಆಗುವಂಥದ್ದಲ್ಲ, ಆದರೆ ಬರಹದಲ್ಲಿ ದಾಖಲೆ ಉಳಿಯುತ್ತದೆ. ದೂರು ಜಿಲ್ಲೆಯ ನೋಡಲ್ ಅಧಿಕಾರಿಗೆ ಹೋಗುತ್ತದೆ. ವರ್ಷ ವರ್ಷವೂ ಅದೇ ಮಾಲೀಕ ಮಕ್ಕಳನ್ನು ಕರೆಸುತ್ತಿದ್ದರೆ ಇದೇ ಸರಿ. 14ರೊಳಗಿನ ಮಗುವನ್ನು ಕೂಲಿಗಿಟ್ಟರೆ 6 ತಿಂಗಳಿಂದ 2 ವರ್ಷ ಜೈಲು, ಇಲ್ಲವೇ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ.

ತೊಡಕಿರೋದು ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯಲ್ಲಿ. ದಿನದ ಶಾಲೆ ಮುಗಿದ ಮೇಲೆ ಮಗು ಮನೆಯವರ ಕೆಲಸಕ್ಕೆ ನೆರವಾಗಬಹುದು ಅನ್ನುತ್ತದೆ ಅದು. ಕೇಳಿದರೆ "ನಮ್ಮನೆ ಹುಡುಗಿನೇ" ಅಂದುಬಿಟ್ಟರೆ ಮುಗೀತಲ್ವಾ? ಈ ಕಿಂಡಿ ಮುಚ್ಚಲೇಬೇಕು.

ನನ್ನ ಕೇಳಿದರೆ ಮೊದಲು 1098, ಆಮೇಲೆ ಪೋರ್ಟಲ್. ದೂರಿನಲ್ಲಿ ಜಾಗ, ಹೊತ್ತು, ಮಗುವಿನ ಅಂದಾಜು ವಯಸ್ಸು ಬರೆಯಿರಿ. ಮಗುವಿನ ಫೋಟೋ ಮಾತ್ರ ವಾಟ್ಸಾಪ್‌ನಲ್ಲಿ ಹಂಚಬೇಡಿ.