ಫೀಸ್ ತಗೊಂಡು ಸಲಹೆ ಕೊಡುವ ಮುಂಬೈ ಮಾಟುಂಗದ ಒಂದು ಆಫೀಸು: ನಮ್ಮ ಮನೆಯ ಅನುಭವ

ದುಡ್ಡಿನ ವಿಷಯಕ್ಕೆ ಸಲಹೆ ಕೇಳೋಕೆ 7,500 ರೂಪಾಯಿ ಕೊಟ್ಟೆ ಅಂದಾಗ ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರೂ ಕೇಳಿದ್ದು ಒಂದೇ ಮಾತು. ಬ್ಯಾಂಕಿನಲ್ಲಿ ಫ್ರೀಯಾಗಿ ಹೇಳ್ತಾರಲ್ಲ, ಇದಕ್ಕೆಲ್ಲ ಯಾಕೆ ದುಡ್ಡು? ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆ ಫ್ರೀ ಸಲಹೆಯಿಂದ ನಮ್ಮಪ್ಪನ 4 ಲಕ್ಷ ರೂಪಾಯಿ ಸಿಕ್ಕಿಹಾಕಿಕೊಂಡಿದೆ.

ಅಪ್ಪ ಫೋರ್ಟ್‌ನ ಒಂದು ಉಡುಪಿ ಹೋಟೆಲಿನಲ್ಲಿ 36 ವರ್ಷ ಗಲ್ಲೆಯಲ್ಲಿ ಕೂತವರು. ಪಿಂಚಣಿ ಇಲ್ಲ. ಕೂಡಿಟ್ಟ 8 ಲಕ್ಷದ ಎಫ್‌ಡಿ ಒಂದೇ ಆಧಾರ. ಅದರ ಅವಧಿ ಮುಗಿದಾಗ ಬ್ಯಾಂಕಿನ ಹುಡುಗ ಒಳಗೆ ಕೂರಿಸಿ, ಚಹಾ ತರಿಸಿ, "ಅಂಕಲ್, ಅರ್ಧ ಇದರಲ್ಲಿ ಹಾಕಿ, ಎಫ್‌ಡಿ ಥರಾನೇ, ಬಡ್ಡಿ ಜಾಸ್ತಿ, ಒಂದೇ ಸಲ ಕಟ್ಟಿದರೆ ಸಾಕು" ಅಂದ. ಆಮೇಲೆ ಒಂದು ಫೋನ್ ಬರುತ್ತೆ, ಎಲ್ಲದಕ್ಕೂ ಎಸ್ ಅನ್ನಿ ಅಂತಲೂ ಹೇಳಿಕೊಟ್ಟ. ಅಪ್ಪ ಅಂದರು. ಒಂದು ವರ್ಷ ಆದ ಮೇಲೆ ಮೊಬೈಲಿಗೆ ಮೆಸೇಜ್ ಬಂತು, ಇನ್ನೊಂದು 4 ಲಕ್ಷ ಪ್ರೀಮಿಯಂ ಕಟ್ಟಿ ಅಂತ. ಅದು ಜೀವವಿಮೆ ಪಾಲಿಸಿ, 7 ವರ್ಷ ಕಟ್ಟಬೇಕು. ಬ್ಯಾಂಕಿಗೆ ಹೋದರೆ ಆ ಹುಡುಗ ಬೇರೆ ಬ್ರಾಂಚಿಗೆ ಹೋಗಿದ್ದ. ಅವನ ಜಾಗದಲ್ಲಿದ್ದವನು "ಈ ವರ್ಷ ಕಟ್ಟದಿದ್ದರೆ ಕಟ್ಟಿದ್ದೂ ಹೋಗುತ್ತೆ ಅಂಕಲ್" ಅಂದ. ಅಪ್ಪ ಮೂರು ವಾರ ಈ ವಿಷಯ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ಹುಷಾರಿಲ್ಲ ಅಂತ ನಾವು ಅಂದುಕೊಂಡಿದ್ದೆವು.

ವಿಷಯ ಗೊತ್ತಾದ ಮೇಲೆ ನಾವು ಹೋದ ಈ ಆಫೀಸು ಇರೋದು ಮಾಟುಂಗದಲ್ಲಿ, ಕಿಂಗ್ಸ್ ಸರ್ಕಲ್‌ನಿಂದ ಐದು ನಿಮಿಷ, ಹಳೇ ಕಟ್ಟಡದ ಮೊದಲ ಮಹಡಿ. ಎರಡು ರೂಮು, ಒಬ್ಬರೇ ಮೇಡಂ. ಹೆಸರು ಹಾಕಬೇಡಿ ಅಂತ ಅವರೇ ಹೇಳಿದ್ದಾರೆ. ಧಾರವಾಡದ ಕಡೆಯವರು, ಹಾಗಾಗಿ ಅಪ್ಪ ಆರಾಮಾಗಿ ಮಾತಾಡಿದರು. ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ನೋಂದಾಯಿಸಿದ ಹೂಡಿಕೆ ಸಲಹೆಗಾರರು. ಕೂತ ಕೂಡಲೇ ತಮ್ಮ ನೋಂದಣಿ ಸಂಖ್ಯೆ ತೋರಿಸಿದರು, ಅದು ಐಎನ್‌ಎ ಅಂತ ಶುರುವಾಗುತ್ತೆ, ಸೆಬಿಯ ವೆಬ್‌ಸೈಟಿನಲ್ಲಿ ನೀವೇ ಹುಡುಕಿ ನೋಡಿ ಅಂದರು. ಆಮೇಲೆ ಒಂದು ಒಪ್ಪಂದ. ಫೀಸ್ ಎಷ್ಟು, ಅದಕ್ಕೆ ಏನೇನು ಮಾಡಿಕೊಡ್ತಾರೆ, ಬೇರೆ ಯಾರಿಂದಲೂ ನಮ್ಮ ಹೆಸರಲ್ಲಿ ಒಂದು ಪೈಸೆ ಕಮಿಷನ್ ತಗೊಳ್ಳಲ್ಲ ಅಂತ ಅದರಲ್ಲೇ ಬರೆದಿತ್ತು. ಸಲಹೆಗಾರರಿಗೆ ಅಂತ ಸೆಬಿ ನಿಯಮ ಮಾಡಿದ್ದು 2013ರಲ್ಲಿ. 2020ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. ಈಗ ಒಂದೇ ಮನೆಯವರಿಂದ ಸಲಹೆಗೆ ಫೀಸನ್ನೂ ತಗೊಂಡು, ಮ್ಯೂಚುವಲ್ ಫಂಡ್ ಮಾರಿದ್ದಕ್ಕೆ ಕಮಿಷನ್ನನ್ನೂ ತಗೊಳ್ಳುವ ಹಾಗಿಲ್ಲ. ಬ್ಯಾಂಕಿನಲ್ಲಿ ಚಹಾ ಕೊಡಿಸಿ ಮಾತಾಡಿಸುವವರು ಸಲಹೆಗಾರರೇ ಅಲ್ಲ. ಅಲ್ಲಿ ಬ್ಯಾಂಕು ವಿಮಾ ಕಂಪನಿಯ ಏಜೆಂಟ್ ಆಗಿರುತ್ತೆ, ಪಾಲಿಸಿ ಮಾರಿದ್ದಕ್ಕೆ ಕಮಿಷನ್ ಬರುತ್ತೆ, ಆ ಹುಡುಗನ ತಲೆ ಮೇಲೆ ತಿಂಗಳ ಟಾರ್ಗೆಟ್ ಇರುತ್ತೆ. ಅವನ ಮೇಲೆ ನನಗೆ ಸಿಟ್ಟಿದೆ, ಅವನಿಗೆ ಆ ಟಾರ್ಗೆಟ್ ಕೊಟ್ಟು ಎಸಿ ರೂಮಿನಲ್ಲಿ ಕೂತವರ ಮೇಲೆ ಅದಕ್ಕಿಂತ ಜಾಸ್ತಿ ಇದೆ.

ಮೇಡಂ ಪಾಲಿಸಿ ಪುಸ್ತಕ ನೋಡಲೇ ಇಲ್ಲ, ಮೊದಲು ಪ್ರಪೋಸಲ್ ಫಾರ್ಮ್, ಅಂದರೆ ಪಾಲಿಸಿಗೆ ಹಾಕಿದ ಅರ್ಜಿ, ಎಲ್ಲಿ ಅಂತ ಕೇಳಿದರು. ಅಪ್ಪ ಸಹಿ ಹಾಕಿದ ಆ ಫಾರ್ಮಿನ ಪ್ರತಿ ಪಾಲಿಸಿಯ ಜೊತೆಗೇ ಬಂದಿತ್ತು, ನಾವು ಯಾರೂ ತೆಗೆದು ಓದಿರಲಿಲ್ಲ. ಅವರು ಒಂದು ಸ್ಕೇಲ್ ಇಟ್ಟು ಸಾಲು ಸಾಲಾಗಿ ಕೆಳಗೆ ಜರುಗಿಸುತ್ತಾ ಓದಿದರು. ಉದ್ಯೋಗ: ಬಿಸಿನೆಸ್. ವಾರ್ಷಿಕ ಆದಾಯ: 15 ಲಕ್ಷ. ಇಮೇಲ್: ಯಾರದ್ದೋ, ನಮ್ಮದಲ್ಲ. ಅಪ್ಪ ಕನ್ನಡಕ ಒರೆಸಿಕೊಂಡು ಆ 15 ಲಕ್ಷದ ಮೇಲೆ ಬೆರಳಿಟ್ಟು, "ನಾನು ಇಷ್ಟು ಯಾವತ್ತೂ ದುಡಿದಿಲ್ಲ" ಅಂದರು. ಅಲ್ಲಿಯವರೆಗೆ ತಪ್ಪೆಲ್ಲ ತಮ್ಮದೇ ಅಂತ ಅವರು ಅಂದುಕೊಂಡಿದ್ದರು.

ಇನ್ನು ನನ್ನ ವಿಷಯ. ವಿಮಾ ಕಂಪನಿಗೆ ಕೊಡುವ ದೂರಿನಲ್ಲಿ "ಅಪ್ಪನಿಗೆ ಇಂಗ್ಲಿಷ್ ಓದೋಕೆ ಬರಲ್ಲ" ಅಂತ ಸೇರಿಸಿದರೆ ಕೇಸು ಗಟ್ಟಿಯಾಗುತ್ತೆ ಅಲ್ವಾ ಅಂತ ನಾನು ಕೇಳಿದೆ. ಮೇಡಂ ಪೆನ್ ಕೆಳಗಿಟ್ಟರು. "ಬರುತ್ತಲ್ಲ, ಈಗ ತಾನೇ ಓದಿದರು. ಇಲ್ಲದ್ದನ್ನು ಫಾರ್ಮಿನಲ್ಲಿ ಬರೆದದ್ದಕ್ಕೇ ನಾವು ದೂರು ಕೊಡ್ತಿರೋದು. ನಾವೂ ಅದನ್ನೇ ಮಾಡೋದಾ?" ಅಂದರು. ನನ್ನ ಮುಖ ಸಣ್ಣದಾಯಿತು. ಆದರೆ ಈ ಆಫೀಸಿನ ಮೇಲೆ ನನಗೆ ಪೂರ್ತಿ ನಂಬಿಕೆ ಬಂದದ್ದು ಆ ಕ್ಷಣದಲ್ಲಿ. ಫೀಸ್ ಕೊಡೋಳು ನಾನೇ, ಆದರೂ ಸುಳ್ಳಿಗೆ ಹೂಂ ಅನ್ನಲಿಲ್ಲ.

ದೂರು ಮೊದಲು ವಿಮಾ ಕಂಪನಿಗೇ ಕೊಡಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿಯಿಲ್ಲದಿದ್ದರೆ, ವಿಮೆಯ ದೂರುಗಳನ್ನು ವಿಚಾರಿಸುವ ಅಧಿಕಾರಿ ವಿಮಾ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಫೀಸ್ ಇಲ್ಲ, ವಕೀಲರೂ ಬೇಕಿಲ್ಲ. ಕಂಪನಿ "ಗ್ರಾಹಕರು ಫೋನಿನಲ್ಲಿ ಒಪ್ಪಿದ್ದಾರೆ" ಅಂತ ನಮ್ಮ ದೂರನ್ನು ತಳ್ಳಿಹಾಕಿತು. ಈಗ ಓಂಬುಡ್ಸ್‌ಮನ್ ಮುಂದಿದೆ, ವಿಚಾರಣೆಗೆ ಇನ್ನೂ ಕರೆದಿಲ್ಲ.

ಉಳಿದ 4 ಲಕ್ಷವನ್ನು ಅಪ್ಪ ಪೋಸ್ಟ್ ಆಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟರು. ಹೇಳಿಕೊಟ್ಟದ್ದು ಮೇಡಮ್ಮೇ, ಅದರಿಂದ ಅವರಿಗೆ ಏನೂ ಸಿಗಲ್ಲ. 8.2 ಪರ್ಸೆಂಟ್ ಬಡ್ಡಿ, ಮೂರು ತಿಂಗಳಿಗೊಮ್ಮೆ 8,200 ರೂಪಾಯಿ ಖಾತೆಗೆ ಬೀಳುತ್ತೆ. ನಾನು ಮ್ಯೂಚುವಲ್ ಫಂಡಿಗೆ ಕಂತುಕಂತಾಗಿ ಕಟ್ಟುವ ಎಸ್‌ಐಪಿಗಳನ್ನೂ ನೋಡಿದರು. ಎಲ್ಲ ರೆಗ್ಯುಲರ್ ಪ್ಲಾನ್, ಮಾರಿದವರಿಗೆ ವರ್ಷಾವರ್ಷ ಕಮಿಷನ್ ಹೋಗುತ್ತಿತ್ತು. ಅದೇ ಫಂಡುಗಳ, ಆ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್ 2013ರ ಜನವರಿಯಿಂದಲೇ ಇದೆಯಂತೆ, ನನಗೆ ಯಾರೂ ಹೇಳಿರಲಿಲ್ಲ.

ಕೊರತೆಗಳೂ ಇವೆ. ಅಪಾಯಿಂಟ್‌ಮೆಂಟ್ ಸಿಗೋಕೆ ಹದಿನೈದು ದಿನ ಕಾಯಬೇಕಾಯಿತು. ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದಾಗಿದೆ, ಮಂಡಿ ನೋವಿರುವ ಹಿರಿಯರಿಗೆ ಕಷ್ಟ. ಬಾಯಲ್ಲಿ ಎಷ್ಟು ಚೆನ್ನಾಗಿ ಕನ್ನಡದಲ್ಲಿ ವಿವರಿಸುತ್ತಾರೋ, ಕೊಡುವ ವರದಿ ಮಾತ್ರ ಪೂರ್ತಿ ಇಂಗ್ಲಿಷ್. ಇದನ್ನು ಅವರಿಗೇ ಹೇಳಿದ್ದೇನೆ. 7,500 ಎಲ್ಲರಿಗೂ ಸುಲಭ ಅಲ್ಲ, ಅದೂ ನಿಜ. ಆದರೆ ಎಷ್ಟು ಕೊಟ್ಟೆ, ಯಾಕೆ ಕೊಟ್ಟೆ ಅಂತ ರಸೀದಿ ನನ್ನ ಕೈಯಲ್ಲಿದೆ.

ಹೋಗುವವರು ಪ್ರಪೋಸಲ್ ಫಾರ್ಮ್, ಬ್ಯಾಂಕ್ ಸ್ಟೇಟ್‌ಮೆಂಟ್, ಬಂದ ಮೆಸೇಜುಗಳು ಎಲ್ಲವನ್ನೂ ತಗೊಂಡು ಹೋಗಿ. ಪಾಲಿಸಿ ಹೊಸದಾಗಿದ್ದರೆ ಅಷ್ಟು ದೂರ ಹೋಗೋದೇ ಬೇಡ. ಪಾಲಿಸಿ ಕೈಗೆ ಬಂದ 30 ದಿನದೊಳಗೆ ಬೇಡ ಅಂತ ಬರೆದುಕೊಟ್ಟು ವಾಪಸ್ ಮಾಡಬಹುದು, ಸ್ವಲ್ಪ ಖರ್ಚು ಕಳೆದು ಕಂಪನಿ ದುಡ್ಡು ವಾಪಸ್ ಕೊಡಲೇಬೇಕು. ಹೋದ ತಿಂಗಳು ನಮ್ಮ ಕೆಳಗಿನ ಮನೆಯ ಅಜ್ಜಿಗೂ ಇಂಥದ್ದೇ ಒಂದು ಪಾಲಿಸಿ ಬಂದಿತ್ತು, ಆಗಲೇ 11 ದಿನ ಆಗಿತ್ತು. ಅವರನ್ನು ಮಾಟುಂಗಕ್ಕೆ ಕರೆದುಕೊಂಡು ಹೋಗಲಿಲ್ಲ. ಅಪ್ಪನೇ ಕೂತು ಪತ್ರ ಬರೆದುಕೊಟ್ಟರು, ಇಂಗ್ಲಿಷಿನಲ್ಲಿ.