ಆಲ್ಬಂ ಮುಗಿಯೋಕೆ ಬಿಡದ ಮ್ಯೂಸಿಕ್ ಆ್ಯಪ್

ಪ್ಲ್ಯಾನ್, ರೇಟು, ಸೌಂಡ್ ಕ್ವಾಲಿಟಿ ಎಲ್ಲ ನೀವೇ ನೋಡಿರುತ್ತೀರಿ, ಅದನ್ನು ಬಿಡೋಣ. ನಾನು ಕೇಳುವುದು ರ‍್ಯಾಪ್. ಅದರಲ್ಲೂ ಮನೆಯವರು ಎದ್ದು ಬಾಗಿಲು ಹಾಕಿಕೊಳ್ಳುವಂಥದ್ದು. ಬಿಡಿ ಹಾಡು ರುಚಿಸುವುದಿಲ್ಲ, ಆಲ್ಬಂ ಪೂರ್ತಿ ಬೇಕು. ವರ್ಷಗಳಿಂದ ದುಡ್ಡು ಕಟ್ಟುತ್ತಿರುವ ಈ ಆ್ಯಪ್ ಮೇಲೆ ನನಗಿರುವ ಸಿಟ್ಟು ಒಂದೇ: ಇದು ಆಲ್ಬಂ ಮುಗಿಯೋಕೆ ಬಿಡುವುದಿಲ್ಲ.

ಲಾಸ್ ಏಂಜಲೀಸ್‌ನ ಕ್ಲಿಪಿಂಗ್ ತಂಡದ 'ದೇರ್ ಎಕ್ಸಿಸ್ಟೆಡ್ ಆ್ಯನ್ ಅಡಿಕ್ಷನ್ ಟು ಬ್ಲಡ್' (2019) ನೋಡಿ. ಪೂರ್ತಿ ದೆವ್ವ, ರಕ್ತ, ಭಯ. ತಂಡದ ರ‍್ಯಾಪರ್ ಡೇವೀಡ್ ಡಿಗ್ಸ್ ಉಸಿರು ತೆಗೆದುಕೊಳ್ಳದೆ ಮಾತು ಉದುರಿಸುತ್ತಾನೆ. ಕೊನೆಯ ಟ್ರ್ಯಾಕ್‌ನಲ್ಲಿ ಮಾತ್ರ ಮಾತೇ ಇಲ್ಲ. ಸುಮಾರು 18 ನಿಮಿಷ ಒಂದು ಪಿಯಾನೋ ಉರಿಯುತ್ತದೆ, ಅಷ್ಟೇ. ನ್ಯೂಜಿಲೆಂಡ್ ಮೂಲದ ಸಂಗೀತ ಸಂಯೋಜಕಿ ಆ್ಯನಿಯಾ ಲಾಕ್‌ವುಡ್ 1968ರಲ್ಲಿ ಮಾಡಿದ ಕೃತಿ ಅದು. ರಿಪೇರಿಗೆ ಬಾರದ ಪಿಯಾನೋವನ್ನೇ ಸುಡಬೇಕು ಅನ್ನುವುದು ಅವರ ಷರತ್ತು. ಮೊದಮೊದಲು ಬರೀ ಚಟಪಟ. ಆಮೇಲೆ ಮರ ಬಿರಿಯುವುದು, ತಂತಿ ಸಿಡಿಯುವುದು ಕಿವಿಗೆ ಬೀಳತೊಡಗುತ್ತದೆ. ಮುಂದಿನದು ಯಾವಾಗ ಅಂತ ಕಾಯುತ್ತಾ ಕೂರುತ್ತೀರಿ.

ಪಿಯಾನೋ ಬೂದಿಯಾದ ಮರುಕ್ಷಣವೇ, ಆಲ್ಬಂ ಮುಗಿದರೆ ತಾನಾಗಿ ಇನ್ನೇನೋ ಹಾಕುವ ಆಟೋಪ್ಲೇ ಗಣಪತಿ ಸ್ತುತಿ ಶುರು ಮಾಡುತ್ತದೆ! ದುಡ್ಡು ಉಳಿಸೋಣ ಅಂತ ನಾನೂ ಅಮ್ಮನೂ ಒಂದೇ ಅಕೌಂಟ್ ಇಟ್ಟುಕೊಂಡಿದ್ದೇವೆ, ಅದರ ಫಲ. ಆ ಕಡೆ ಅಮ್ಮನಿಗೆ ಬೆಳಗ್ಗೆ ಸುಪ್ರಭಾತ ಮುಗಿದ ಕೂಡಲೇ ಡೆತ್ ಗ್ರಿಪ್ಸ್ ಅನ್ನೋ ಅಬ್ಬರದ ರ‍್ಯಾಪ್ ತಂಡ. "ಯಾರೋ ಇದು, ಇಷ್ಟು ಹೊತ್ತಿಗೇ ಜಗಳ ಆಡ್ತಿರೋದು?" ಅಂತ ಅಡುಗೆಮನೆಯಿಂದಲೇ ಕೂಗುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬಹುದಲ್ವಾ ಅಂತೀರಿ. ಮಾಡಿದ್ದೇನೆ. ಅಪ್‌ಡೇಟ್ ಬಂದಾಗಲೆಲ್ಲ ತಾನೇ ಆನ್ ಆಗಿರುತ್ತದೆ. ಕಸ್ಟಮರ್ ಕೇರ್‌ನವರ ಮದ್ದು ಒಂದೇ, ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿಕೊಳ್ಳಿ.

ಹಾಗಾಗಿ ನನ್ನದೇ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಊಟದ ಪಾತ್ರೆ ತೊಳೆಯುವಷ್ಟರಲ್ಲಿ ಆಲ್ಬಂ ಡೌನ್‌ಲೋಡ್ ಆಗಿರುತ್ತದೆ. ಕೈ ಒರೆಸಿಕೊಂಡು, ಇಯರ್‌ಫೋನಿನ ವೈರ್ ಸಿಕ್ಕು ಬಿಡಿಸುತ್ತೇನೆ. ಪಿನ್ ಸ್ವಲ್ಪ ಸಡಿಲ. ಎರಡೂ ಕಿವಿಗೆ ಸದ್ದು ಬರುವವರೆಗೆ ಮೆಲ್ಲಗೆ ತಿರುಗಿಸಬೇಕು. ಏರೋಪ್ಲೇನ್ ಮೋಡ್ ಹಾಕಿ, ಲೈಟ್ ಆರಿಸಿದರೆ ಆಯಿತು. ನೆಟ್ ಇಲ್ಲ, ಗಣಪತಿಯೂ ಬರುವುದಿಲ್ಲ.

ಹಿಪ್‌ಹಾಪ್ ಸಂಗೀತ ನಿರ್ಮಾಪಕ ಜೆ ಡಿಲ್ಲಾನ 'ಡೋನಟ್ಸ್' ಆಲ್ಬಂಗೆ (2006) ಇದೂ ಬೇಡ. ರಿಪೀಟ್ ಹಾಕಿದರೆ ಸಾಕು. 31 ಪುಟ್ಟ ಟ್ರ್ಯಾಕ್‌ಗಳು, ಕೊನೆಯದರ ತುದಿ ಮೊದಲನೆಯದಕ್ಕೇ ಕೂಡಿಕೊಳ್ಳುತ್ತದೆ.

ಇಷ್ಟೆಲ್ಲ ಬೈದರೂ ಒಂದು ಮಾತು ಹೇಳಲೇಬೇಕು. ರ‍್ಯಾಪರ್ ಬಿಲ್ಲಿ ವುಡ್ಸ್‌ನನ್ನು ನನಗೆ ತೋರಿಸಿದ್ದು ಇದೇ ಹಾಳು ಆಟೋಪ್ಲೇ. ಸಂಗೀತ ನಿರ್ಮಾಪಕ ಕೆನ್ನಿ ಸೀಗಲ್ ಜೊತೆ ಅವನು 2023ರಲ್ಲಿ ಮಾಡಿದ 'ಮ್ಯಾಪ್ಸ್' ಈಗ ನನ್ನ ಅಚ್ಚುಮೆಚ್ಚು. ಊರೂರು ಸುತ್ತುವ ಕಲಾವಿದನ ವಿಮಾನ ನಿಲ್ದಾಣ, ಹೋಟೆಲು, ಊಟ, ಸುಸ್ತು. ಕೊನೆಗೆ ಮನೆಗೆ ಬಂದು ಪಾರ್ಕಿನಲ್ಲಿ ಮಗುವಿನ ಉಯ್ಯಾಲೆ ತೂಗುತ್ತಾನೆ, ತೂಗುತ್ತಲೇ ಇದಕ್ಕೇನಾದರೂ ಆದರೆ ಅಂತ ಹೆದರುತ್ತಾನೆ. ಅದನ್ನು ಕಲಾವಿದರೇ ತಮ್ಮ ಹಾಡು ಮಾರುವ ತಾಣವಾದ ಬ್ಯಾಂಡ್‌ಕ್ಯಾಂಪ್‌ನಲ್ಲಿ ದುಡ್ಡು ಕೊಟ್ಟೇ ಕೊಂಡೆ. ಅಲ್ಲಿ ಡಿಜಿಟಲ್ ಮಾರಾಟಕ್ಕೆ ಕಂಪನಿ ಹಿಡಿದುಕೊಳ್ಳುವುದು ಶೇ. 15 ಮಾತ್ರ. ಆದರೆ ಡಾಲರ್ ಲೆಕ್ಕದಲ್ಲಿ ಎಲ್ಲವನ್ನೂ ಕೊಳ್ಳೋಕೆ ನನ್ನ ಸಂಬಳ ಸಾಲದು. ಆ್ಯಪ್ ಸದ್ಯಕ್ಕೆ ಇರಲಿ. ಅಮ್ಮನಿಗೆ ಬೇರೆ ಲಾಗಿನ್ ಮಾಡಿಕೊಡುತ್ತಿದ್ದೇನೆ.

ಐದಕ್ಕೆ ಮೂರು ಸ್ಟಾರ್. ಮುಂದಿನ ಅಪ್‌ಡೇಟ್ ಆದಮೇಲೂ ಆಟೋಪ್ಲೇ ಆಫ್ ಆಗಿಯೇ ಉಳಿದರೆ ನಾಲ್ಕು ಕೊಡುತ್ತೇನೆ.