ಬೀಟಿ ಮರಕ್ಕೆ ಸ್ಕ್ರಾಲ್ ಸಾ: ಮೂರು ಮಳೆಗಾಲದ ಬಳಿಕ

ಸ್ಕ್ರಾಲ್ ಸಾ ಎಂದರೆ ಸಪೂರ ಬ್ಲೇಡನ್ನು ಮೇಲೆ ಕೆಳಗೆ ಆಡಿಸಿ ಮರದಲ್ಲಿ ನಾಜೂಕಿನ ವಿನ್ಯಾಸ ಕೊಯ್ಯುವ ಗರಗಸದ ಯಂತ್ರ. ಹದಿನಾರು ಇಂಚಿನ ಅಗ್ಗದ ಸ್ಕ್ರಾಲ್ ಸಾಗಳ ಬಗ್ಗೆ ಎಲ್ಲರದೂ ಒಂದೇ ದೂರು: ಕುಲುಕಾಟ. ಅದೇನು ದೊಡ್ಡ ವಿಷಯವಲ್ಲ. ಭಾರದ ಮೇಜಿಗೆ ಬೋಲ್ಟು ಹಾಕಿ, ಅಡಿಗೆ ಹಳೆ ರಬ್ಬರ್ ಚಪ್ಪಲಿಯ ತುಂಡು ಕೊಟ್ಟರೆ ಮುಕ್ಕಾಲು ಪಾಲು ನಿಲ್ಲುತ್ತದೆ. ನಿಜವಾದ ರೋಗ ಇರುವುದು ಬ್ಲೇಡು ಕಚ್ಚಿ ಹಿಡಿಯುವ ಕ್ಲಾಂಪಿನಲ್ಲಿ. ಪ್ಲೈವುಡ್ಡು, ಹಲಸು ಕೊಯ್ಯುವಷ್ಟು ದಿನ ಅದು ಗೊತ್ತೇ ಆಗುವುದಿಲ್ಲ. ಬೀಟಿ ಇಟ್ಟ ದಿನ ಬಯಲಾಗುತ್ತದೆ.

ಹೊರದೇಶದವರು ರೋಸ್‌ವುಡ್ ಎಂದು ಬೆರಗಿನಿಂದ ನೋಡುವ ಬೀಟಿ, ಕುಂಬಳೆ–ಬದಿಯಡ್ಕದ ಕಡೆ ಹಳೆ ಮನೆ ಬಿಚ್ಚಿದಾಗ ಮಂಚದ ಕಾಲಾಗಿಯೋ ಪೆಟ್ಟಿಗೆಯ ಹಲಗೆಯಾಗಿಯೋ ಸಿಗುತ್ತದೆ. (ಇಂಥ ಮರಕ್ಕೆ ಮೊದಲು ಅಯಸ್ಕಾಂತ ಆಡಿಸಿ, ಒಳಗೆ ಮುರಿದ ಮೊಳೆ ಇದ್ದರೆ ಬ್ಲೇಡು ಅಲ್ಲೇ ಮುಗಿಯಿತು.) ಒಣಗಿದ ಬೀಟಿ ಘನ ಮೀಟರಿಗೆ ಸುಮಾರು 830 ಕಿಲೋ ತೂಗುತ್ತದೆ, ತೇಗ 650ರ ಆಸುಪಾಸು. ಗಡಸಿನಲ್ಲಿ ಮಾತ್ರ ಬೀಟಿ ತೇಗದ ಎರಡು ಪಟ್ಟಿಗೂ ಮೇಲೆ. 20 ಮಿ.ಮೀ. ದಪ್ಪದ ತುಂಡಿನಲ್ಲಿ ಹಲ್ಲುಗಳ ನಡುವಿನ ಸಂದಿಗೆ ಹುಡಿ ತುಂಬಿಕೊಳ್ಳುತ್ತದೆ, ಮರ ಬ್ಲೇಡನ್ನು ಹಿಡಿದುಕೊಳ್ಳುತ್ತದೆ. ಬ್ಲೇಡು ಮೇಲೇಳುವಾಗ ಮರವೂ ಜೊತೆಗೆ ಏಳಲು ನೋಡುತ್ತದೆ, ಕೈ ಅದನ್ನು ಕೆಳಗೆ ಒತ್ತುತ್ತದೆ. ಈ ಎಳೆದಾಟವೆಲ್ಲ ಬೀಳುವುದು ಕ್ಲಾಂಪಿನ ಸಣ್ಣ ಸ್ಕ್ರೂವಿನ ತುದಿಗೆ. ‘ಟಪ್’ ಎಂದು ಬ್ಲೇಡು ಜಾರುತ್ತದೆ, ಸಾಮಾನ್ಯವಾಗಿ ವಿನ್ಯಾಸದ ಅತಿ ನಾಜೂಕಿನ ತಿರುವಿನಲ್ಲೇ.

ಎರಡೂ ತುದಿಯಲ್ಲಿ ಅಡ್ಡಕ್ಕೆ ಪಿನ್ ಇರುವ ಬ್ಲೇಡಾದರೆ ಜಾರುವುದಿಲ್ಲ, ನಿಜ. ಯಂತ್ರದ ಜೊತೆ ಬರುವುದೂ ಅದೇ. ಆದರೆ ಆ ಪಿನ್ ತೂರಲು 4–5 ಮಿ.ಮೀ. ತೂತು ಬೇಕು, ಮಂಟಪದ ಜಾಲಿಯ ಸಣ್ಣ ಎಸಳಿನೊಳಗೆ ಅಷ್ಟು ಜಾಗವೆಲ್ಲಿ? ಪಿನ್ ಇಲ್ಲದ್ದಕ್ಕೆ ಒಂದೂವರೆ, ಎರಡು ಮಿ.ಮೀ. ಸಾಕು. ಕಾಸರಗೋಡಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಹ್ಯಾಕ್ಸಾ ಬ್ಲೇಡು ತೆಗೆದು ಕೊಡುತ್ತಾರೆ, ಹಾಗಾಗಿ ಆನ್‌ಲೈನಿನಲ್ಲೇ ತರಿಸಬೇಕು. ಬೀಟಿಗೆ 7ನೇ ನಂಬರು, ದೊಡ್ಡ ತಿರುವಿಗೆ 9. 3ನೇ ನಂಬರಿನ ಸಪೂರ ಬ್ಲೇಡು ಹಾಕಿದರೆ ನಡುವೆ ಹೊಟ್ಟೆ ಬರುತ್ತದೆ: ಮೇಲಿನ ಗೆರೆ ಸರಿಯಾಗಿಯೇ ಇರುತ್ತದೆ, ಕೆಳಗೆ ಓರೆ. ಕೊಯ್ದ ತುಂಡು ಬೆಣೆಯಂತೆ ಸಿಕ್ಕಿ ಬೀಳುವುದೇ ಇಲ್ಲ.

ಜಾರುವುದಕ್ಕೆ ಅರ್ಧ ತಪ್ಪು ಯಂತ್ರದ್ದು, ಅರ್ಧ ಎಣ್ಣೆಯದ್ದು. ಹೊಸ ಬ್ಲೇಡಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ. ಎರಡೂ ತುದಿಯ ಒಂದೊಂದು ಇಂಚನ್ನು ಥಿನ್ನರಿನಲ್ಲಿ ಒರೆಸಿ, 220 ನಂಬರಿನ ಸ್ಯಾಂಡ್ ಪೇಪರಿನಲ್ಲಿ ಎರಡು ಸಲ ಉಜ್ಜಿ ಹಾಕಬೇಕು. ಕ್ಲಾಂಪಿನ ಸ್ಕ್ರೂ ಬಿಚ್ಚಿ ನೋಡಿದರೆ ತುದಿ ಉಬ್ಬಿ ಹೊಳೆಯುತ್ತಿರುತ್ತದೆ. ಅದನ್ನು ಸಾಣೆಕಲ್ಲಿನ ಮೇಲೆ ಚಪ್ಪಟೆ ಮಾಡಿ, ಅದೇ ಪೇಪರಿನಲ್ಲಿ ಒರಟು ಮಾಡಿ. ಮೊದಲ ಎರಡು ತಿಂಗಳು ಇದು ತಲೆಗೆ ಹೊಳೆಯದೆ ಡಜನ್ ಬ್ಲೇಡು ಹಾಳಾದವು. ಬಿಗಿತ ನೋಡಲು ಬೆರಳಿನಿಂದ ಮೀಟಿ: ತಂಬೂರಿಯ ತಂತಿಯಂತೆ ‘ಟಿಂಗ್’ ಅನ್ನಬೇಕು, ‘ಡಬ್’ ಅಂದರೆ ಸಾಲದು.

ಇದಾದ ಮೇಲೆ ಯಂತ್ರದ ಮೇಲಿನ ಸಿಟ್ಟು ಇಳಿಯಿತು. ಉಳಿದದ್ದನ್ನು ಪಾರ್ಸೆಲ್ ಟೇಪು ಇಳಿಸಿತು. ಮೊದಲು ಮರಕ್ಕೆ ನೀಲಿ ಮಾಸ್ಕಿಂಗ್ ಟೇಪು, ಅದರ ಮೇಲೆ ಗ್ಲೂ ಸ್ಟಿಕ್ಕಿನಲ್ಲಿ ವಿನ್ಯಾಸದ ಕಾಗದ (ಬೀಟಿಯ ಕಪ್ಪಿನ ಮೇಲೆ ಪೆನ್ಸಿಲ್ ಗೆರೆ ಕಾಣುವುದಿಲ್ಲ), ಎಲ್ಲದರ ಮೇಲೆ ಪಾರದರ್ಶಕ ಪಾರ್ಸೆಲ್ ಟೇಪು. ಟೇಪಿನ ಬೆನ್ನಿನ ಜಾರು ಲೇಪ ಬ್ಲೇಡಿನ ಉಜ್ಜಾಟ ತಗ್ಗಿಸುತ್ತದೆ, ಅಂಚು ಸುಟ್ಟು ಕರಿಯಾಗುವುದು ಬಹುತೇಕ ನಿಲ್ಲುತ್ತದೆ. ವೇಗ ನಿಮಿಷಕ್ಕೆ 1600 ಏಟಿಗೆ ಏರಿಸುವುದು ಬೇಡ, 700–800 ಸಾಕು. 500ಕ್ಕಿಂತ ಇಳಿಸಿದರೆ ಈ ಮೋಟಾರಿಗೆ ದಮ್ಮಿಲ್ಲ. ಮರವನ್ನು ತಳ್ಳಬೇಡಿ, ಬ್ಲೇಡು ತಿಂದಷ್ಟೇ ಕೊಡಿ. ಬ್ಲೇಡಿನ ಒಂದು ಬದಿಯಲ್ಲಿ ತಯಾರಿಸುವಾಗಿನ ಕೂರು ಅಂಚು ಉಳಿದಿರುವುದರಿಂದ ಅದು ಸಾಮಾನ್ಯವಾಗಿ ಬಲಕ್ಕೆ ಎಳೆಯುತ್ತದೆ. ಮರವನ್ನು ಎರಡು ಮೂರು ಡಿಗ್ರಿ ಓರೆ ಹಿಡಿದೇ ನಡೆಸಬೇಕು. ಹೀಗೆ ಕೊಯ್ದ ಬೀಟಿಯ ಅಂಚು ಉಗುರಿನಂತೆ ನುಣುಪು, ಸ್ಯಾಂಡ್ ಪೇಪರ್ ಬೇಕೆನಿಸುವುದೇ ಇಲ್ಲ. ಹಲಸಿನಲ್ಲಿ ಈ ಸುಖ ಇಲ್ಲ ಮಾರ್ರೆ.

ಒಂದು ಬ್ಲೇಡು ಹದಿನೈದು, ಹೆಚ್ಚೆಂದರೆ ಇಪ್ಪತ್ತು ನಿಮಿಷ. ತಿರುವಿನಲ್ಲಿ ಸುಟ್ಟ ವಾಸನೆ ಬಂದಾಗ, ಅಥವಾ ಕೈ ತನಗರಿಯದೆ ಹೆಚ್ಚು ಒತ್ತತೊಡಗಿದಾಗ ಬದಲಿಸಿ. ಉಳಿತಾಯಕ್ಕೆಂದು ಇನ್ನೈದು ನಿಮಿಷ ಎಳೆದರೆ ಮರವೇ ಹಾಳು, ಮತ್ತು ಬೀಟಿ ಬ್ಲೇಡಿಗಿಂತ ದುಬಾರಿ. ಯಂತ್ರ ಕೊಳ್ಳುವಾಗಲೇ ಬ್ಲೇಡಿಗೂ ಹಣ ತೆಗೆದಿಡಿ.

ಹುಡಿ ಊದಲು ಕೊಟ್ಟ ನಳಿಗೆ ಅದನ್ನು ನೇರ ಮುಖಕ್ಕೇ ಊದುತ್ತದೆ. ಬೀಟಿಯ ಹುಡಿ ಕೆಲವರಿಗೆ ತುರಿಕೆ, ಉಬ್ಬಸ ತರುತ್ತದೆ. ಎನ್‌95 ಮಾಸ್ಕ್ ಇಲ್ಲದೆ ಕೂರಬೇಡಿ.

ಮಳೆಗಾಲದ್ದು ಬೇರೆಯೇ ಗೋಳು. ಜೂನಿನಲ್ಲಿ ಎರಡು ವಾರ ಮುಟ್ಟದೆ ಬಿಟ್ಟರೆ ಎರಕದ ಮೇಜಿನ ಮೇಲೆ ಕೆಂಪು ತುಕ್ಕು. ತೆಂಗಿನೆಣ್ಣೆ ಹಚ್ಚಿದರೆ ಮರಕ್ಕೆ ಕಲೆ ಹತ್ತುತ್ತದೆ, ಮೇಣದ ಬತ್ತಿ ಉಜ್ಜಿ ಬಟ್ಟೆಯಲ್ಲಿ ಒರೆಸಿದರೆ ಸಾಕು; ಮರವೂ ಸಲೀಸಾಗಿ ಜಾರುತ್ತದೆ. ಬ್ಲೇಡುಗಳನ್ನು ಗಾಜಿನ ಬಾಟ್ಲಿಯಲ್ಲಿ, ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣದ ಜೊತೆ ಮುಚ್ಚಿಡಿ. ಎಣ್ಣೆ ಸವರಿಟ್ಟಿರೋ, ಥಿನ್ನರಿನ ಕೆಲಸ ಮತ್ತೆ ಮೊದಲಿಂದ.

ಕೆಳಗಿನ ಕ್ಲಾಂಪಿಗೆ ಮಾತ್ರ ಮದ್ದಿಲ್ಲ. ಅಲೆನ್ ಕೀ ಹಿಡಿದು ಮೇಜಿನಡಿ ಬಗ್ಗಲೇಬೇಕು. ಜಾಲಿ ಮಾಡುವಾಗ ಬ್ಲೇಡನ್ನು ಕೆಳಗೆ ಬಿಗಿದೇ ಇಟ್ಟು, ಮೇಲಿನದನ್ನಷ್ಟೇ ಬಿಚ್ಚಿ, ಮರವನ್ನೇ ತೂತಿನಿಂದ ತೂತಿಗೆ ಪೋಣಿಸಿದರೆ ಬಗ್ಗುವುದು ಬ್ಲೇಡು ಸವೆದಾಗ ಮಾತ್ರ. ಬೀಟಿಯಲ್ಲಿ ಅದೂ ಕಾಲು ಗಂಟೆಗೊಮ್ಮೆ.